ಹನ್ನೊಂದು ಕಂಬಗಳು, ಒಂದು ಕಸಬರಿಗೆ

ಮೊನ್ನೆ ಶಿಕ್ಷಕರ ದಿನಾಚರಣೆಗೆ ನಮ್ಮ ಶಾಲೆಯಲ್ಲಿ ನನಗೊಂದು ಸನ್ಮಾನವಾಯಿತು. ನನ್ನನ್ನು ಪರಿಚಯಿಸಿದ ತರುಣ ಮಾಸ್ತರರು, "ಬೀದಿ ದೀಪದ ಕೆಳಗೆ ಓದಿ ಮೇಲೆ ಬಂದವರು ನಮ್ಮ ಗಿರಿಜಾ ಟೀಚರು" ಎಂದುಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. ಕೊರಳಲ್ಲಿ ಮಾಲೆ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತವಳಿಗೆ ಅಲ್ಲವೆನ್ನಲು ಬಾಯಿ ಬರಲಿಲ್ಲ. ಈಗ ಹೇಳಿಬಿಡುತ್ತೇನೆ, ಅದು ಶುದ್ಧ ಸುಳ್ಳು. ನಮ್ಮದು ಹಿಟ್ಟಿನ ಗಿರಣಿಯ ಮನೆ. ಊರಿಗೆ ಕರೆಂಟು ಬಂದಾಗ ಮೊದಲು ಬಂದದ್ದೇ ನಮ್ಮ ಮನೆಗೆ, ಓದಲು ಬೆಳಕಿಗೇನೂ ಕೊರತೆಯಿರಲಿಲ್ಲ. ಬೀದಿ ದೀಪದ ಕೆಳಗೆ ನಿಂತು ನಾನು ಮಾಡಿದ ಕೆಲಸ ಒಂದೇ: ಕತ್ತೆತ್ತಿ ದೀಪವನ್ನೇ ನೋಡಿದ್ದು. ನಾನೊಬ್ಬಳೇ ಅಲ್ಲ, ನನ್ನ ಅಪ್ಪ ಮತ್ತು ಅಪ್ಪನ ತಾಯಿ, ನಮ್ಮ ಆಯಿ, ಇಬ್ಬರಿಗೂ ಇದೇ ಹುಚ್ಚು. ಯಾವ ಕಂಬಕ್ಕೆ ಯಾವ ದೀಪ, ಯಾವುದರ ಟೊಪ್ಪಿಗೆ ವಾಲಿದೆ, ಯಾವುದು ಮಿಣುಕುತ್ತಿದೆ, ಯಾವುದನ್ನು ಯಾವಾಗ ಬದಲಾಯಿಸಿದರು ಎಂಬುದೆಲ್ಲ ನಮಗೆ ಬಾಯಿಪಾಠ. ಊರಿನ ಕಿಡಿಗೇಡಿಗಳು ನಮಗೆ 'ಮ್ಯಾಲೆ ನೋಡೋ ಮಂದಿ' ಎಂದು ಹೆಸರಿಟ್ಟಿದ್ದರು. ಅಪ್ಪನ ಕಿವಿಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಊರು ಕುಂದಗೋಳದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಮಣ್ಣಿನ ಮಾಳಿಗೆಯ ಮನೆ. ಬೀದಿಗೆ ಹತ್ತಿದ ಕೋಣೆಯಲ್ಲಿ ಗಿರಣಿ, ಅದರ ಮಗ್ಗುಲಿಗೆ ಪಡಸಾಲೆ, ಹಿಂದೆ ಅಡುಗೆಮನೆ, ಅದರಾಚೆ ಎರಡು ಎಮ್ಮೆ. ಜೋಳದ ಹಿಟ್ಟು ಗೋಡೆ, ದೇವರ ಫೋಟೋ, ಅಪ್ಪನ ಹುಬ್ಬು ಎಲ್ಲದರ ಮೇಲೂ ಕೂತಿರುತ್ತಿತ್ತು. ಅಪ್ಪ ನಕ್ಕರೆ ಹಿಟ್ಟಿನಲ್ಲಿ ಬಿರುಕು ಬಿಟ್ಟಂತೆ ಕಾಣುತ್ತಿತ್ತು. ಏಣಿ ಹತ್ತಿ ಮಾಳಿಗೆಗೆ ಹೋದರೆ ಇಡೀ ಊರು ಕಣ್ಣ ಕೆಳಗೆ: ಊರು ಹೊಗುವ ಅಗಸಿ ಬಾಗಿಲು, ಚಾವಡಿ, ಶಾಲೆ, ಬಸ್ಸು ನಿಲ್ಲುವ ಬೇವಿನ ಮರ, ಅದರಾಚೆ ಹತ್ತಿಯ ಹೊಲಗಳು. ಊರಿನ ಹನ್ನೊಂದು ದೀಪದ ಕಂಬಗಳೂ ಅಲ್ಲಿಂದ ಕಾಣುತ್ತಿದ್ದವು. ಹನ್ನೊಂದನೆಯದು ನಮ್ಮ ಬಾಗಿಲ ಮುಂದೆಯೇ ಇತ್ತು. ಒಳಗೆ ಬಿಳಿ, ಹೊರಗೆ ಹಸಿರು ಬಳಿದ ಕಬ್ಬಿಣದ ಟೊಪ್ಪಿಗೆಯ ಕೆಳಗೆ ಒಂದು ಹಳದಿ ಬಲ್ಬು. ಅದರ ಬೆಳಕು ಮುಂಬಾಗಿಲ ಮೇಲಿನ ಕಿಂಡಿಯಿಂದ ಇಳಿದು ಪಡಸಾಲೆಯ ನೆಲದಲ್ಲಿ ರೊಟ್ಟಿಯಷ್ಟಗಲ ಬೀಳುತ್ತಿತ್ತು. ಅದರ ಪಕ್ಕಕ್ಕೇ ಆಯಿ ತಾಟು ಇಟ್ಟುಕೊಂಡು ಉಣ್ಣುವಳು, ನಮ್ಮ ಮನೆಯ ದೀಪ ಅವಳಿಗೆ ಲೆಕ್ಕಕ್ಕಿಲ್ಲ.

ಆಯಿಗೆ ಈ ದೀಪಗಳ ಮೇಲೆ ಒಂದು ಹಕ್ಕಿತ್ತು. ಕರೆಂಟು ಬರುವ ಮೊದಲು ಊರಲ್ಲಿ ಸೀಮೆಎಣ್ಣೆಯ ಕಂದೀಲು ತೂಗುವ ಕಂಬಗಳಿದ್ದವಂತೆ. ಅವನ್ನು ಹಚ್ಚುವ ಕೆಲಸ ನಾನು ಕಾಣದ ಅಜ್ಜನದು. ಮರುದಿನ ಮುಂಜಾನೆ ಮಸಿ ಹಿಡಿದ ಗಾಜುಗಳನ್ನು ಬೂದಿ ಹಚ್ಚಿ ತಿಕ್ಕಿ ಬೆಳಗುವ ಕೆಲಸ ಆಯಿಯದು. ಅಜ್ಜ ಹೋದರು, ಕಂದೀಲು ಹೋದವು, ಆಯಿ ಮಾತ್ರ ಅಧಿಕಾರ ಬಿಟ್ಟುಕೊಡಲಿಲ್ಲ. ಎಲ್ಲರ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿದಾಗ ಕೈ ಮುಗಿಯುತ್ತಾರೆ. ನಮ್ಮಲ್ಲಿ ಬೀದಿ ದೀಪ ಹತ್ತಿದಾಗ. ಮುಸ್ಸಂಜೆಗೆ ಆಯಿಯ ಹಿಂದೆ ನಾನು ಮಾಳಿಗೆ ಹತ್ತಬೇಕು. ಚಾವಡಿಯ ಹತ್ತಿರದ ಪೆಟ್ಟಿಗೆಯಲ್ಲಿ ಪಂಚಾಯಿತಿಯ ಆಳು ಗುಂಡಿ ಒತ್ತಿದೊಡನೆ ಆಕಾಶದಲ್ಲಿ ಇನ್ನೂ ಬೆಳಕಿರುವಾಗಲೇ ಹನ್ನೊಂದೂ ಹತ್ತುತ್ತಿದ್ದವು. ಆಯಿ ಕೈ ಮುಗಿಯುವಳು, ನಾನೂ ಮುಗಿಯುವೆ, ಕೆಳಗೆ ಅಪ್ಪ ಗಿರಣಿಯ ಮುಂದೆಯೇ ನಿಂತು ಹಿಟ್ಟಿನ ಕೈ ಜೋಡಿಸುವರು. ಅದಾದ ಮೇಲೆ ಮನೆಯಲ್ಲಿ ಕಸ ಗುಡಿಸುವಂತಿಲ್ಲ, ಯಾರಿಗೂ ಮೊಸರು ಉಪ್ಪು ಕೊಡುವಂತಿಲ್ಲ. ಆಮೇಲೆ ಆಯಿ ಒಂದೊಂದೇ ಕಂಬದ ವರದಿಯನ್ನು ಮಾಳಿಗೆಯ ಅಂಚಿನಿಂದ ಅಪ್ಪನಿಗೆ ಕೂಗಿ ಹೇಳುವಳು.

ಈ ನಿಯಮದ ಬಿಗಿ ಎಷ್ಟೆಂದರೆ, ಒಮ್ಮೆ ಲೈನ್‌ಮನ್ ಇಮಾಮಸಾಬ ಏನೋ ದುರಸ್ತಿ ಮಾಡುತ್ತ ಮಟಮಟ ಮಧ್ಯಾಹ್ನ ಎಲ್ಲ ದೀಪ ಹಚ್ಚಿ ನೋಡಿದ. ಅವ್ವ ಪಡಸಾಲೆ ಗುಡಿಸುತ್ತಿದ್ದಳು. ಹೊರಗಿನಿಂದ ಬಂದ ಆಯಿ ಅವಳ ಕೈಯಿಂದ ಕಸಬರಿಗೆ ಕಸಿದುಕೊಂಡಳು.

"ದೀಪ ಹತ್ಯಾವ, ಕಸಾ ಹೊಡೀಬ್ಯಾಡ."

"ಅತ್ತೀ, ಇನ್ನಾ ಮಧ್ಯಾಹ್ನದ ರೊಟ್ಟಿ ಸೈತ ಆಗಿಲ್ರಿ. ಇಮಾಮಸಾಬ ಸುಮ್ನ ಹಚ್ಚಿ ನೋಡಾಕತ್ತಾನ್ರಿ."

"ಅಂವಾ ಯಾಕ ಹಚ್ಚಿದಾ ಅನ್ನೂದು ಲಕ್ಷ್ಮಿಗೆ ಗೊತ್ತಾಗತೈತೇನು? ಹತ್ತಿತು ಅಂದ್ರ ಹತ್ತಿತು."

ಜೋಳ ಬೀಸಿಸಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅರ್ಧ ಪಡಸಾಲೆಯ ಕಸ ಮರುದಿನ ಬೆಳಗಿನವರೆಗೂ ಹಾಗೆಯೇ ಬಿದ್ದಿತ್ತು. ಅವ್ವನಿಗೆ ನಮ್ಮ ಮೂವರ ಹುಚ್ಚು ತಲೆನೋವು. ಹುಬ್ಬಳ್ಳಿಗೆ ಹೋದರಂತೂ ಅವಳ ಪಾಡು ಕೇಳಬಾರದು. ಅಲ್ಲಿ ಮರ್ಕ್ಯುರಿ ದೀಪಗಳಿದ್ದವು. ಹತ್ತಿದ ಕೂಡಲೇ ಮಂಕಾಗಿದ್ದು ನಿಧಾನವಾಗಿ ಬೆಳ್ಳಗಾಗುವ ಅವುಗಳ ಚಂದ ನೋಡುತ್ತ ಅಪ್ಪ ನಡುಬೀದಿಯಲ್ಲಿ ನಿಂತುಬಿಡುವರು. ಒಮ್ಮೆ ಹಾಗೆ ನಿಂತು, ಸಗಣಿಯಲ್ಲಿ ಕಾಲಿಟ್ಟು, ಊರಿಗೆ ಹೋಗುವ ಕಡೆಯ ಬಸ್ಸನ್ನೂ ತಪ್ಪಿಸಿಕೊಂಡರು. "ಮಂದಿ ಪ್ಯಾಟ್ಯಾಗ ಮುಂದ ನೋಡಿ ನಡೀತಾರ, ಇವ್ರು ಮ್ಯಾಲ ನೋಡಿ ನಡೀತಾರ" ಎಂದು ಅವ್ವ ಊರಿಗೆಲ್ಲ ಹೇಳಿಕೊಂಡು ಬಂದಳು.

ನನಗೆ ಹನ್ನೊಂದು ವರ್ಷ ತುಂಬಿದ ಚಳಿಗಾಲದಲ್ಲಿ ಊರಿಗೆ ಟ್ಯೂಬ್‌ಲೈಟು ಬಂತು. ಎಲ್ಲ ಕಂಬಗಳ ಬಲ್ಬು ತೆಗೆದು ಟ್ಯೂಬು ಹಾಕುವುದೆಂದು ಪಂಚಾಯಿತಿಯಲ್ಲಿ ಠರಾವಾಯಿತು. ಆದರೆ ಟ್ಯೂಬುಗಳು ಎರಡು ವಾರಕ್ಕೆ ಒಂದರಂತೆ ಬರುತ್ತಿದ್ದವು. ಮೊದಲು ಬೇವಿನ ಮರದ ಕಂಬ, ಆಮೇಲೆ ಶಾಲೆಯ ಹಿಂದಿನದು, ಹೀಗೆ ಬಿಳಿ ಬೆಳಕು ಊರ ಆ ತುದಿಯಿಂದ ನಮ್ಮ ಕಡೆಗೆ ನಡೆದು ಬರತೊಡಗಿತು. ಅಪ್ಪನಿಗೆ ಮದುವೆಯ ಸಂಭ್ರಮ. ಆಯಿಗೆ ಮಾತ್ರ ಸಿಟ್ಟು. ಊಟಕ್ಕೆ ಕೂತರೆ ರೊಟ್ಟಿ, ಝುಣಕ, ಜಗಳ.

"ಅಗದಿ ಹಗಲ ಬಿದ್ದಂಗ ಬೀಳತೈತಿ ಬೇ ಅದರ ಬೆಳಕು," ಎಂದು ಅಪ್ಪ.

"ಅದು ಹತ್ತೂವಾಗ ನೋಡೀಯೇನು? ಹತ್ಲೋ ಬ್ಯಾಡೋ ಅಂತ ನಾಕ ಸಲ ವಿಚಾರ ಮಾಡತೈತಿ. ನಮ್ಮ ಬಲ್ಬ್ ನೋಡು, ಹತ್ತು ಅಂದ್ರ ಹತ್ತತೈತಿ."

"ಬೆಳಕರ ಬೆಳ್ಳಗ ಐತಲ್ಲ?"

"ಎಲ್ಲಿ ಬೆಳ್ಳಗ? ಅದೂ ಹಳದೀನ ಐತಿ. ಹಳದೀನ ಬೇಕಂದ್ರ ಇರೂದು ಯಾಕ ಕೀಳಬೇಕು?"

ಅಪ್ಪ ನಕ್ಕರು, ತಾಯಿ ಮಗ ದಿನಾ ಆಡುವ ಹಟದ ಮಾತೆಂದು. ನಾನೂ ನಕ್ಕೆ. ಇವತ್ತು ತರಗತಿಯಲ್ಲಿ ಕಣ್ಣಿನ ಪಾಠ ಮಾಡುವಾಗಲೆಲ್ಲ ಆ ಮಾತು ನೆನಪಾಗುತ್ತದೆ. ಕಣ್ಣಿಗೆ ಪೊರೆ ಬಂದವರಿಗೆ ಬಿಳಿಯೂ ಹಳದಿಯಾಗಿ ಕಾಣುತ್ತದೆ. ಆಯಿ ಹಟ ಮಾಡುತ್ತಿರಲಿಲ್ಲ, ತನಗೆ ಕಂಡದ್ದನ್ನೇ ಹೇಳುತ್ತಿದ್ದಳು.

ಗೊತ್ತಾದದ್ದು ಅಗಸಿಯ ಕಂಬದಿಂದ. ಅದು ಆರನೆಯ ಕಂಬ. ಸೋಮವಾರ ಅದಕ್ಕೆ ಟ್ಯೂಬು ಹಾಕಿದ್ದರು, ನಾನು ಕೆಳಗೆ ನಿಂತು ನೋಡಿದ್ದೆ. ಗುರುವಾರ ಸಂಜೆ ಮಾಳಿಗೆಯ ಮೇಲೆ ವರದಿ ಕೊಡುತ್ತ ಆಯಿ, "ಅಗಸಿದು ಇನ್ನಾ ಬಲ್ಬ ಐತಿ" ಎಂದು ಕೂಗಿದಳು. ಗಿರಣಿಯ ಸದ್ದಿನಲ್ಲಿ ಅಪ್ಪನಿಗೆ ಕೇಳಿಸಲಿಲ್ಲ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಮರೆತಿದ್ದಾರೆ ಎನ್ನಬಹುದಿತ್ತು. ಆಯಿ ತನ್ನ ಮೊಮ್ಮಗಳ ಹೆಸರು ಮರೆತಾಳು, ಕಂಬದ ದೀಪ ತಪ್ಪು ಹೇಳುವವಳಲ್ಲ. ನಾನು ನಾಲ್ಕು ಬೆರಳು ಎತ್ತಿ ಅವಳ ಮುಖದ ಮುಂದೆ ಹಿಡಿದೆ.

"ಎಷ್ಟ ಬೆರಳ ಅದಾವು ಹೇಳು ಆಯಿ?"

ಆಯಿ ಗಾಳಿಯಲ್ಲಿ ತಡಕಿ ನನ್ನ ಕೈ ಹಿಡಿದುಕೊಂಡಳು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಯಾರ ಮುಂದನೂ ಹೇಳಬ್ಯಾಡ ಗಿರಿಜಿ. ನಿಮ್ಮಪ್ಪಗ ಗೊತ್ತಾದ್ರ ದವಾಖಾನಿಗೆ ಒಯ್ತಾನ. ಗಂಗವ್ವನ ಕಣ್ಣು ಕೊಯ್ದು ಏನಾತು, ನೋಡೀಯಿಲ್ಲ? ಈಗ ಮಬ್ಬರ ಕಾಣತೈತಿ. ಆಮ್ಯಾಲ ಅದೂ ಹೋದ್ರ, ನಾ ದೀಪ ಹೆಂಗ ನೋಡ್ಲಿ?"

ಹಿಂದಿನ ಓಣಿಯ ಗಂಗವ್ವ ತೀರ ತಡಮಾಡಿ ದವಾಖಾನೆಗೆ ಹೋಗಿ ಕಣ್ಣು ಕಳೆದುಕೊಂಡಿದ್ದಳು ಎಂಬುದು ನನಗೆ ಆಗ ತಿಳಿಯದು. ಆಯಿ ನನ್ನಿಂದ ಅಗಸಿಯ ದೀಪದ ಮೇಲೆ ಆಣೆ ಮಾಡಿಸಿಕೊಂಡಳು. ಮರುದಿನದಿಂದ ಒಂದು ಉಪಾಯ ಹೂಡಿದೆವು. ದೀಪ ಹತ್ತಿದ ಗಳಿಗೆ ನಾನು ಅವಳ ಸೆರಗು ಜಗ್ಗಬೇಕು, ಅವಳು ಕೈ ಮುಗಿಯುವಳು. ಆಮೇಲೆ ಅವಳ ಅಂಗೈ ಹಿಡಿದು ಒಂದೊಂದು ಕಂಬಕ್ಕೂ ಚಿವುಟಬೇಕು: ಬಲ್ಬಿಗೆ ಒಂದು ಚಿವುಟು, ಟ್ಯೂಬಿಗೆ ಎರಡು, ಹತ್ತದಿದ್ದರೆ ಸುಮ್ಮನೆ. ಆಯಿ ಅದನ್ನೇ ಅಪ್ಪನಿಗೆ ಕೂಗುವಳು, ಮೊದಲಿಗಿಂತ ಜೋರಾಗಿ. ಅಡಗಿಸಿಡುವುದು ತಪ್ಪೆಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಳ್ಳಬೇಕು, ನನಗದು ಬಹಳ ಇಷ್ಟವಾಗಿತ್ತು. ಊರಿನ ಹನ್ನೊಂದು ದೀಪಗಳೂ ಆಯಿಗೆ ನನ್ನ ಎರಡು ಬೆರಳುಗಳಿಂದಲೇ ಹತ್ತುತ್ತಿದ್ದವು. ಹಗಲು ಮಾತ್ರ ಕಷ್ಟ. ಆಯಿ ಹೊಸ್ತಿಲಲ್ಲಿ ಎಡವುವಳು, ಚಹದ ಕಪ್ಪನ್ನು ಕಟ್ಟೆಯ ಅಂಚಿಗಿಂತ ಆಚೆ ಇಡುವಳು. ಒಡೆದ ಕಪ್ಪುಗಳನ್ನೆಲ್ಲ ನಾನು ನನ್ನ ತಲೆಗೆ ಹಾಕಿಕೊಂಡು ಅವ್ವನಿಂದ ಬೈಸಿಕೊಂಡೆ.

ಹೀಗೆ ಎರಡು ತಿಂಗಳು ಕಳೆದವು. ಒಂಬತ್ತು ಕಂಬಗಳಿಗೆ ಟ್ಯೂಬು ಬಂದಿತ್ತು, ಹತ್ತನೆಯದು ನಮ್ಮ ಓಣಿಯ ತಿರುವಿನದು. ಆ ದಿನ ಶಾಲೆ ಬಿಟ್ಟು ಬರುವಾಗ ಇಮಾಮಸಾಬ ಅದರ ಮೇಲೆ ಹತ್ತಿ ಕೂತಿದ್ದ. ಟ್ಯೂಬಿನ ತಗಡಿನ ಪಟ್ಟಿಯನ್ನು ಕಂಬಕ್ಕೆ ಕಟ್ಟುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಹಳೆಯ ಬಲ್ಬನ್ನು ಹಗ್ಗದಲ್ಲಿ ಕಟ್ಟಿ ಇಳಿಬಿಟ್ಟ, ನಾನು ಫ್ರಾಕಿನಲ್ಲಿ ಹಿಡಿದೆ. "ಸ್ಟಾರ್ಟರ್ ಹಾಕೂದು ನೋಡ್ತಿಯೇನವಾ? ನೋಡು" ಎಂದ. ನೋಡುತ್ತ ನಿಂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇಮಾಮಸಾಬ ಕೆಳಗಿಳಿದದ್ದೇ ತಡ, ತಲೆಯ ಮೇಲೆ ಟ್ಯೂಬು ಮಿಟುಕಿತು. ಊರ ದೀಪ ಹಚ್ಚಿದ್ದರು. ನಾನು ಬಲ್ಬನ್ನು ಎದೆಗವಚಿಕೊಂಡು ಓಡಿದೆ.

ನಮ್ಮ ಮನೆ ಮುಂದಿನ ದೀಪ ಹತ್ತಿತ್ತು. ಅದರ ಕೆಳಗೇ ಆಯಿ ಬಗ್ಗಿ ಅಂಗಳ ಗುಡಿಸುತ್ತಿದ್ದಳು. ನನ್ನ ದಾರಿ ಕಾದು, ಬಾರದ್ದಕ್ಕೆ ಇನ್ನೂ ಹೊತ್ತಿದೆಯೆಂದು ತಿಳಿದು ಕಸಬರಿಗೆ ಹಿಡಿದಿರಬೇಕು. ಬಾಗಿಲಲ್ಲಿ ಅವ್ವ ಕಲ್ಲಾಗಿ ನಿಂತಿದ್ದಳು. ಬೀಸಿಸಲು ಬಂದವರೂ ಮಾತು ನಿಲ್ಲಿಸಿದ್ದರು. ಅಪ್ಪ ಗಿರಣಿ ಬಂದ್ ಮಾಡಿ ಹೊರಗೆ ಬಂದರು. ಗಿರಣಿಯ ಸದ್ದು ನಿಂತ ಮೇಲೆ ಕಸಬರಿಗೆಯ ಸದ್ದೊಂದೇ ಉಳಿಯಿತು. ಆಯಿ ನೆಟ್ಟಗೆ ನಿಂತಳು.

"ಯಾಕ? ಎಲ್ಲಾರೂ ಸುಮ್ಮನಾದ್ರಿ?"

"ಅತ್ತೀ..." ಅವ್ವ ಹೊಸ್ತಿಲು ದಾಟಿ ಬಂದಳು. "ದೀಪ ಹತ್ಯಾವ್ರಿ."

ಕಸಬರಿಗೆ ಆಯಿಯ ಕೈಯಿಂದ ಬಿತ್ತು. ಅವಳು ಕೈ ಮುಗಿದಳು, ಕಂಬದ ಕಡೆಗಲ್ಲ, ಗೋಡೆಯ ಕಡೆಗೆ. ಅಪ್ಪ ಹೋಗಿ ಅವಳ ಎರಡೂ ಭುಜ ಹಿಡಿದು ಮೆಲ್ಲಗೆ ಕಂಬದ ಕಡೆಗೆ ತಿರುಗಿಸಿದರು. ನನ್ನ ಅಪ್ಪನನ್ನು ನಾನು ಬದುಕಿನಲ್ಲಿ ಹಲವು ಸಲ ಮೆಚ್ಚಿದ್ದೇನೆ, ಅಷ್ಟು ಮೆಚ್ಚಿದ್ದು ಇನ್ನೊಮ್ಮೆ ಇಲ್ಲ.

ಆಯಿಯನ್ನು ಕಟ್ಟೆಯ ಮೇಲೆ ಕೂರಿಸಿ, "ನಿನಗ ಗೊತ್ತಿತ್ತೇನು?" ಎಂದು ನನ್ನನ್ನು ಕೇಳಿದರು. ತಲೆಯಾಡಿಸಿದೆ. ಹೊಡೆಯುತ್ತಾರೆಂದು ಕಾದೆ. ಆಯಿ ನಡುವೆ ಬಾಯಿ ಹಾಕಿದಳು.

"ಹುಡುಗಿಗೆ ಏನೂ ಅನಬ್ಯಾಡ. ಕಣ್ಣೂ ನಂದು, ಸುಳ್ಳೂ ನಂದು."

"ನಾ ಏನೂ ಅನ್ನಾಂಗಿಲ್ಲ. ನಾಳಿಗೆ ಹುಬ್ಬಳ್ಳಿಗೆ ಹೋಗೂಣು, ಅಷ್ಟ."

"ನಾ ಒಲ್ಲೆ."

ಮೂರು ದಿನ ಒಲ್ಲೆ ಎಂದಳು. ಅವ್ವ ಹೇಳಿದಳು, ಇಮಾಮಸಾಬನೂ ಬಂದು ತನ್ನ ಚಿಕ್ಕಮ್ಮನ ಕಣ್ಣು ಸರಿಯಾದ ಕಥೆ ಹೇಳಿದ. ಅಪ್ಪ ಊಟ ಬಿಟ್ಟರು. ಮೂರನೆಯ ಸಂಜೆ ಆಯಿ ಒಂದು ಕರಾರು ಹಾಕಿದಳು.

"ಬರ್ತೀನಿ. ಆದ್ರ ನಮ್ಮ ಬಾಗಲ ಮುಂದಿನ ದೀಪ ಮುಟ್ಟಬಾರದು. ಕಣ್ಣು ಬಂದ್ರ ನಾ ಮದಲ ಅದನ್ನ ನೋಡಾಕಿ. ಬರಲಿಲ್ಲಂದ್ರ... ಅದು ಅಲ್ಲೇ ಐತಿ ಅಂತ ಗೊತ್ತಿರತೈತಲ್ಲ, ಸಾಕು."

ನಮ್ಮ ಮನೆ ಮುಂದೆ ಟ್ಯೂಬು ಯಾವಾಗ ಬರುತ್ತದೋ ಎಂದು ದಿನಗಳನ್ನೆಣಿಸುತ್ತಿದ್ದವರು ಅಪ್ಪ. ಎದ್ದು, ಆ ಕಂಬ ಬಿಡು ಎಂದು ಹೇಳಲು ಇಮಾಮಸಾಬನ ಮನೆಗೆ ಹೋದರು. ಮರುದಿನ ಬೆಳಗಿನ ಬಸ್ಸಿಗೆ ಅಪ್ಪ, ಅವ್ವ, ಆಯಿ ಹುಬ್ಬಳ್ಳಿಗೆ ಹೊರಟರು.

ವಾರ ಬಿಟ್ಟು ಆಯಿ ಮರಳಿದಳು, ಕಣ್ಣಿಗೆ ಹಸಿರು ಬಟ್ಟೆಯ ಪರದೆ ಕಟ್ಟಿಕೊಂಡು. ಕನ್ನಡಕ ಬರಲು ಒಂದೂವರೆ ತಿಂಗಳು ಬೇಕೆಂದಿದ್ದರು. ಅಲ್ಲಿಯವರೆಗೆ ಬಗ್ಗುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ, ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ. ದಿನಾ ಸಂಜೆ ನಾನು ಅವಳ ಪಕ್ಕ ಕೂತು ಚಿವುಟದೆ, ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ ವರದಿ ಒಪ್ಪಿಸಿದೆ. ಹತ್ತು ಟ್ಯೂಬು, ಒಂದು ಬಲ್ಬು. ಓಣಿಯವರು ನಮ್ಮ ಬಾಗಿಲ ಮುಂದೆ ಬಂದಾಗ, ಊರೆಲ್ಲ ಬೆಳ್ಳಗಿದ್ದು ಇಲ್ಲೊಂದೇ ಕತ್ತಲೆ ಎಂದು ಗೊಣಗುತ್ತಿದ್ದರು. ಅಪ್ಪ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: "ನಮ್ಮವ್ವ ನೋಡೂದೈತ್ರಿ, ಸ್ವಲ್ಪ ತಡೀರಿ." ಕಾರಣ ತಿಳಿದ ಮೇಲೆ ಗೊಣಗಾಟ ನಿಂತಿತು. ಎದುರು ಮನೆಯವರು ಮುಸ್ಸಂಜೆಗೆ ತಮ್ಮ ಕಟ್ಟೆಯ ಮೇಲೆ ಒಂದು ಕಂದೀಲು ತೂಗುಹಾಕತೊಡಗಿದರು. ಆ ಓಣಿಯ ಋಣ ನನ್ನ ಮೇಲೆ ಇನ್ನೂ ಇದೆ.

ಕನ್ನಡಕ ಬಂತು, ಸೋಡಾ ಬಾಟಲಿಯ ಬುಡದಷ್ಟು ದಪ್ಪದ್ದು. ಅದನ್ನು ಹಾಕಿಕೊಂಡ ಆಯಿಯ ಕಣ್ಣುಗಳು ಎಮ್ಮೆಯ ಕಣ್ಣಿನಷ್ಟಾಗಿ ಕಂಡವು. ಸಂಜೆ ಅಪ್ಪ ಅವಳನ್ನು ಹಿಡಿದು ಏಣಿ ಹತ್ತಿಸಿದರು. ಅವ್ವ ಕೂಡ ಹತ್ತಿದಳು, ಅವಳು ದೀಪ ನೋಡಲೆಂದು ಮಾಳಿಗೆ ಹತ್ತಿದ್ದು ಅದೇ ಮೊದಲು. ದೀಪ ಹತ್ತಿದವು. ಕೊಟ್ಟ ಮಾತಿನ ಪ್ರಕಾರ ಆಯಿ ಮೊದಲು ನಮ್ಮ ಬಲ್ಬನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ತಿರುವಿನ ಕಂಬ, ಅಗಸಿ, ಚಾವಡಿ, ಶಾಲೆ, ಬೇವಿನ ಮರ ಎಲ್ಲವನ್ನೂ ನೋಡುತ್ತ ಹೋದಳು. ನಾವು ಮೂವರೂ ದೀಪ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆವು.

"ಯಪ್ಪಾ, ಇದೇನೋ ಇದು? ಹಾಲ ಚೆಲ್ಲಿದಂಗ ಐತಲ್ಲೋ!"

"ಹೂಂ ಬೇ. ಅದನ್ನ ನಾ ಹೇಳ್ತಿದ್ದೆ," ಎಂದರು ಅಪ್ಪ.

"ಮತ್ತ ನಮ್ಮದು ಯಾಕ ಹಿಂಗ ಕುರುಡ ಕುರುಡ ಐತಿ? ನಾಳಿಗೆ ಆ ಇಮಾಮಸಾಬಗ ಹೇಳು, ಮದಲ ಇದನ್ನ ಕೀಳಂತ. ಓಣ್ಯಾಗಿನ ಮಂದಿ ಇಷ್ಟ ದಿನ ಹೆಂಗ ತಡಕೊಂಡ್ರೋ ಏನೋ, ಪಾಪ."

ಅಪ್ಪ ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು, ಹಿಟ್ಟಿನ ಮುಖದಲ್ಲಿ ಎರಡು ಗೆರೆ ಮೂಡಿದವು. ಅವ್ವ ಸೆರಗಿನಿಂದ ಅವನ್ನು ಒರೆಸಿದಳು, ಎಲ್ಲರೆದುರಿಗೇ.

ಮೂರು ದಿನದಲ್ಲಿ ಇಮಾಮಸಾಬ ಟ್ಯೂಬು ತಂದ. ಕೆಳಗಿಳಿಸಿದ ಕಬ್ಬಿಣದ ಟೊಪ್ಪಿಗೆಯನ್ನು ಗುಜರಿಗೆ ಹಾಕಲು ಆಯಿ ಬಿಡಲಿಲ್ಲ. ಬೂದಿ ತಂದು ಹಿತ್ತಲಲ್ಲಿ ಕೂತು ತಿಕ್ಕಿ ತಿಕ್ಕಿ ಬೆಳಗಿದಳು. ಅದು ಈಗ ನನ್ನ ಮನೆಯ ದೇವರ ಕೋಣೆಯ ಗೋಡೆಯಲ್ಲಿದೆ, ಬಂದವರು ಏನಿದು ಎಂದು ಕೇಳುತ್ತಾರೆ. ನಾನು ಮಕ್ಕಳಿಗೆ ಬೆಳಕಿನ ಪಾಠ ಹೇಳಿ ಬದುಕಿದವಳು. ಗಮನವಿಟ್ಟು ನೋಡುವುದನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಒಂದು ದೀಪ ತಪ್ಪು ಹೇಳಿದರೆ ಮನುಷ್ಯರಿಗೇನೋ ಆಗಿದೆ ಎಂದು ತಿಳಿಯುವಷ್ಟು ದೀಪಗಳನ್ನೂ ಮನುಷ್ಯರನ್ನೂ ಹಚ್ಚಿಕೊಂಡ ಮನೆಯಲ್ಲಿ ಹುಟ್ಟಿದ್ದು ನನ್ನ ಪುಣ್ಯ.

ಆ ಟ್ಯೂಬು ಮೊದಲ ಸಲ ಹತ್ತಬೇಕಿದ್ದ ಸಂಜೆ ನಾವಿಬ್ಬರೂ ಮಾಳಿಗೆಯ ಮೇಲಿದ್ದೆವು. ಆಕಾಶ ಇನ್ನೂ ಕೆಂಪಗಿತ್ತು. ಅಭ್ಯಾಸಬಲದಿಂದ ನಾನು ಆಯಿಯ ಸೆರಗನ್ನು ಬೆರಳಿಗೆ ಸುತ್ತಿಕೊಂಡು, ಜಗ್ಗಲು ಸಿದ್ಧಳಾಗಿ, ಅವಳ ಹೊಸ ಕನ್ನಡಕವನ್ನೇ ನೋಡುತ್ತ ಕೂತಿದ್ದೆ. ಸೆರಗು ನನ್ನ ಬೆರಳಿನಿಂದ ಜಾರಿತು. ಆಯಿ ಆಗಲೇ ಎದ್ದು ನಿಂತಿದ್ದಳು.

"ಎಲ್ಲಿ ನೋಡಾಕತ್ತೀಯಬೇ ಗಿರಿಜಿ?" ಎಂದಳು, ನನ್ನ ಅಂಗೈಯನ್ನು ಎರಡು ಸಲ ಚಿವುಟಿ. "ದೀಪ ಹತ್ತಿತು. ಕೈ ಮುಗಿ."